ಬ್ರೇಕ್ ಮೇಡಂ ನಿದ್ದೆ ಮಾಡಿದ್ದು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಸ್ಟೀರಿಂಗ್ ಒಂದೇ, ಬ್ರೇಕು ಮಾತ್ರ ಎರಡು. ಕಲಿಯುವವರ ಕಾಲಡಿ ಒಂದು, ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ ಇನ್ನೊಂದು. ಆ ಇನ್ನೊಂದರ ಮೇಲೆ ಕಾಲಿಟ್ಟುಕೊಂಡೇ ಅವಳ ಅರ್ಧ ಆಯುಸ್ಸು ಕಳೆದಿತ್ತು. ಕಲಿಯಲು ಬಂದವರು ಎದುರಿನ ಗೋಡೆಯನ್ನು ಕಾಣುವ ಮೊದಲೇ ಅವಳ ಪಾದ ಅದನ್ನು ಕಂಡುಬಿಡುತ್ತಿತ್ತು. ಕಾರು ಗಕ್ಕನೆ ನಿಲ್ಲುತ್ತಿತ್ತು, ಹಿಂದೆಯೇ "ಕನ್ನಡಿ ನೋಡಿದ್ರಾ?" ಎಂಬ ಪ್ರಶ್ನೆ ಬರುತ್ತಿತ್ತು. ಹೀಗಾಗಿ ಅವಳ ನಿಜವಾದ ಹೆಸರು ಹಿಂದೆ ಬಿದ್ದು 'ಬ್ರೇಕ್ ಮೇಡಂ' ಎಂಬುದೇ ಗಟ್ಟಿಯಾಗಿ ನಿಂತಿತು.

ಅಂಥ ಬ್ರೇಕ್ ಮೇಡಂ ಒಂದು ಬೆಳಿಗ್ಗೆ ಪಾಠದ ನಡುವೆಯೇ ನಿದ್ದೆ ಹೋದಳು.

ಸ್ಟೀರಿಂಗ್ ಹಿಡಿದಿದ್ದವರು ನಿವೃತ್ತ ಗಣಿತ ಟೀಚರು, ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಹೆಂಗಸು. "ಸರ್ಕಲ್ ಸುತ್ತುತ್ತಾ ಇರಿ, ಎಲ್ಲಿ ಹೊರಗೆ ಹೋಗಬೇಕು ಅಂತ ನಾನು ಹೇಳ್ತೀನಿ" ಎಂದಿದ್ದಳು ಮೇಡಂ. ಆಮೇಲೆ ಹೇಳಲೇ ಇಲ್ಲ. ಟೀಚರು ಸುತ್ತಿದರು. ಮತ್ತೆ ಸುತ್ತಿದರು. ಮೂಲೆಯ ಪಂಕ್ಚರ್ ಅಂಗಡಿಯವನು ಕೈಯಲ್ಲಿದ್ದ ಟ್ಯೂಬು ಬಿಟ್ಟು ಹೊರಗೆ ಬಂದು ನಿಂತ. ಟ್ರಾಫಿಕ್ ಪೊಲೀಸು ಮೊದಲು ಸೀಟಿ ಊದಿದ, ಆಮೇಲೆ ಇಲ್ಲಿ ಯಾವ ನಿಯಮ ಮುರಿದಂತಾಯಿತೆಂದು ತಿಳಿಯದೆ ಸೀಟಿಯನ್ನು ಬಾಯಿಂದ ತೆಗೆದ. ಕಡೆಗೆ ಟೀಚರಿಗೇ ತಲೆ ಸುತ್ತು ಬಂದು "ಮೇಡಂ, ನನ್ನಿಂದ ಇನ್ನಾಗಲ್ಲ!" ಎಂದು ಕೂಗಿದಾಗ, ಮೇಡಂ ಕಣ್ಣು ಬಿಡುವ ಮೊದಲೇ ಅವಳ ಕಾಲು ಎಚ್ಚೆತ್ತು ಬ್ರೇಕ್ ಒತ್ತಿತು. ಹಿಂದೆ ಬರುತ್ತಿದ್ದ ತರಕಾರಿ ವ್ಯಾನು ಬಂದು ಬಂಪರಿಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ, ಟೊಮೆಟೊಗಳಿಗೆ ಆಯಿತು.

ಸ್ಕೂಲಿನ ಯಜಮಾನರು ಒಳ್ಳೆಯವರು. ಸಂಜೆ ಕರೆಸಿದರು, ಆದರೆ ಬೈಯಲಿಲ್ಲ. "ಮೇಡಂ, ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದರು. ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಈ ಒಂದು ಮಾತು ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ಅಕ್ಕ ಹೇಳುತ್ತಿದ್ದಳು, ಎದುರುಮನೆಯವರು ಹೇಳುತ್ತಿದ್ದರು, ಡಾಕ್ಟರು ಹೇಳುತ್ತಿದ್ದರು, ಹಾಲು ಹಾಕುವವನೂ ಹೇಳುತ್ತಿದ್ದ.

"ತಗೊಳ್ತೀನಿ ಸರ್," ಎಂದಳು. "ಯಾವ ಅಂಗಡೀಲಿ ಸಿಗುತ್ತೆ ಅಂತ ಮಾತ್ರ ಹೇಳಿಬಿಡಿ."

ಅವಳು ಬ್ಯಾಗು ಹೆಗಲಿಗೇರಿಸಿ ಮನೆಗೆ ಹೊರಟಳು.

ಅವಳ ಮಗಳಿಗೆ ರಕ್ತದ ಕ್ಯಾನ್ಸರ್. ಏಳು ವರ್ಷದ ಹುಡುಗಿ. ಹುಟ್ಟಿದ ಗಳಿಗೆಯಿಂದ ಒಂದೇ ಸಮನೆ ಕುಂಯ್ಗುಡುತ್ತಿದ್ದಳೆಂದು ಅಪ್ಪ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದ. ಕಾಯಿಲೆಯ ಮೊದಲ ವರ್ಷ ಪಿಟೀಲಿನ ದನಿಯೂ ಅಡಗಿತ್ತು. ಆಗ ಮನೆ ತುಂಬ ಜನ. ಒಬ್ಬರು ಊಟ ತರುತ್ತಿದ್ದರು, ಒಬ್ಬರು ಬಟ್ಟೆ ಒಗೆಯುತ್ತಿದ್ದರು, ಒಬ್ಬರು ಸುಮ್ಮನೆ ಬಂದು ಅತ್ತು ಹೋಗುತ್ತಿದ್ದರು. ಎರಡನೇ ವರ್ಷಕ್ಕೆ ಹುಡುಗಿಯ ತಲೆಯಲ್ಲಿ ಮತ್ತೆ ಕೂದಲು ಬಂತು, ಬಾಯಲ್ಲಿ ಮತ್ತೆ ಮಾತು ಬಂತು. ಇನ್ನು ದಿನಾ ಸಂಜೆ ಮನೆಯಲ್ಲೇ ಮಾತ್ರೆ ಕೊಡಿ, ರಕ್ತ ಪರೀಕ್ಷೆಗೆ ಬರುತ್ತಿರಿ, ಜ್ವರ ಬಂದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ ಎಂದರು ಡಾಕ್ಟರು. ಗಂಡಾಂತರ ಕಳೆಯಿತೆಂದು ನೆಂಟರೆಲ್ಲ ನಿಟ್ಟುಸಿರು ಬಿಟ್ಟು ತಮ್ಮ ತಮ್ಮ ಮನೆ ಸೇರಿದರು. ದಣಿವು ಬಂದದ್ದು ಆಮೇಲೆ. ಮೊದಲ ವರ್ಷ ಅದಕ್ಕೂ ಬರಲು ಪುರುಸೊತ್ತು ಇರಲಿಲ್ಲವೇನೋ.

ಅದು ಬರೀ ನಿದ್ದೆಗೆಟ್ಟ ದಣಿವಲ್ಲ. ಹಲ್ಲುಜ್ಜುವಾಗ ಬ್ರಶ್ ಬಾಯಲ್ಲೇ ಇಟ್ಟುಕೊಂಡು, ಮುಂದೆ ಏನು ಮಾಡಬೇಕೆಂದು ತೋಚದೆ ಅವಳು ಕನ್ನಡಿ ನೋಡುತ್ತ ನಿಂತುಬಿಡುತ್ತಿದ್ದಳು. ಮನೆ ಬೀಗವನ್ನು ಕಾರಿನ ಕೀಲಿಯಿಂದ ತೆಗೆಯಲು ಹೋಗಿ, ತೆರೆಯದಿದ್ದಾಗ ಬಾಗಿಲ ಮುಂದೆಯೇ ಕೂತು ಅತ್ತಿದ್ದಳು. ಆದರೂ ಮಲಗಿದರೆ ಕಣ್ಣು ಮುಚ್ಚುತ್ತಿರಲಿಲ್ಲ. ಮಗಳ ಹಣೆ ಮುಟ್ಟಬೇಕು, ಉಸಿರು ಕೇಳಬೇಕು, ಮತ್ತೆ ಹಣೆ ಮುಟ್ಟಬೇಕು.

ಗಂಡ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ. ಊರಿಗೆ ಬೆಳಗಾಗುವ ಹೊತ್ತಿಗೆ ಬ್ರೆಡ್ಡು ಬೆಂದು ಹೊರಬರಬೇಕು, ಹಾಗಾಗಿ ಅವನ ದಿನ ಎಲ್ಲರಿಗಿಂತ ಮೊದಲೇ ಶುರು. ಸಂಜೆಯ ವೇಳೆಗೆ ಅವನ ರೆಪ್ಪೆಗಳು ಜೋತುಬೀಳುತ್ತಿದ್ದವು. "ನೀವು ಮಲಗಿ, ನಾನಿದೀನಿ" ಎನ್ನುತ್ತಿದ್ದಳು ಅವಳು. "ನೀನು ಎದ್ದು ಕೂತಿರುವಾಗ ನಾನು ಹೇಗೆ ಗೊರಕೆ ಹೊಡೀಲಿ?" ಎನ್ನುತ್ತಿದ್ದ ಅವನು. ಹೀಗೆ ಗಾಢ ನಿದ್ದೆಯಲ್ಲಿದ್ದ ಒಂದು ಮಗುವಿನ ಆಚೆ ಈಚೆ ಇಬ್ಬರು ದೊಡ್ಡವರು ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದರು.

ಅವನೂ ಒಂದು ಕಾಲದಲ್ಲಿ ಅವಳ ಹತ್ತಿರ ಕಾರು ಕಲಿಯಲು ಬಂದವನೇ. ಅವಳು ಕಲಿಸಿದವರಲ್ಲೆಲ್ಲ ಪರಮ ದಡ್ಡ. ಟೆಸ್ಟಿಗೆ ಹೋದಾಗಲೆಲ್ಲ ಫೇಲು. ಫೇಲಾದವನಿಗೆ ಮತ್ತೆ ಪಾಠ, ಪಾಠದ ಮಧ್ಯೆ ಮಾತು, ಹೀಗೆ ಲೈಸೆನ್ಸ್ ಸಿಗದಿದ್ದರೂ ಹೆಂಡತಿ ಸಿಕ್ಕಳು ಎಂದು ಅವನೇ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದ. ಮನೆಯಲ್ಲಿ ಕಾರು ಓಡಿಸುವವಳು ಯಾವತ್ತೂ ಅವಳೇ.

ಮಗಳ ವಿಷಯದಲ್ಲೂ ಸ್ಟೀರಿಂಗ್ ಅವಳದೇ ಆಯಿತು. ಒಮ್ಮೆ ಅವನು ಥರ್ಮಾಮೀಟರ್ ಕೈಯಲ್ಲಿ ಹಿಡಿದುಕೊಂಡೇ ಕುರ್ಚಿಯಲ್ಲಿ ತೂಕಡಿಸಿದ್ದನ್ನು ಅವಳು ನೋಡಿದ್ದಳು. ಅಷ್ಟೇ, ಅಂದಿನಿಂದ ಅವನನ್ನು ನಂಬಲಿಲ್ಲ. ಅಕ್ಕ ಬಂದಾಗಲೆಲ್ಲ "ತಾಯಿ ಅಂದ್ರೆ ನೀನು ಕಣೇ! ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದೀಯ" ಎಂದು ಹೊಗಳುತ್ತಿದ್ದಳು. ಮೇಡಂಗೆ ಆ ಹೊಗಳಿಕೆ ಒಳಗೊಳಗೇ ಇಷ್ಟವಾಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ.

ತರಕಾರಿ ವ್ಯಾನು ಗುದ್ದಿದ ದಿನದ ಸಂಜೆ ಅವಳು ಮನೆಗೆ ಹಾಲು, ಮೊಟ್ಟೆ ಹಿಡಿದು ಬಂದಾಗ ಗಂಡ ಸ್ನಾನಕ್ಕೆ ಹೋಗಿದ್ದ. ಪಿಟೀಲು ಊಟದ ಮೇಜಿನ ಮೇಲೆ ತನ್ನ ಊರು ಕಟ್ಟುತ್ತಿದ್ದಳು. ಅಪ್ಪ ತಂದ ಕೇಕಿನ ಡಬ್ಬಗಳಿಂದ ಮಾಡಿದ ಊರು. ಮನೆಗಳಿದ್ದವು, ಸ್ಕೂಲಿತ್ತು, ನಡುವೆ ಒಂದು ಸರ್ಕಲ್ಲೂ ಇತ್ತು. ಆ ಊರು ಹುಟ್ಟಿದ ಮೇಲೆ ಮನೆಯವರೆಲ್ಲ ನೆಲದ ಮೇಲೆ ಕೂತು ಉಣ್ಣುತ್ತಿದ್ದರು.

"ಬಾ, ಮಾತ್ರೆ," ಎಂದಳು ಅಮ್ಮ.

"ಅಪ್ಪ ಕೊಟ್ರು."

ಮಾತ್ರೆ ತಪ್ಪಿಸಿಕೊಳ್ಳಲು ಪಿಟೀಲು ಹೇಳದ ಸುಳ್ಳಿರಲಿಲ್ಲ. ನುಂಗಿದೆ ಎಂದು ನಾಲಿಗೆ ತೋರಿಸಿ ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಡಾಕ್ಟರೇ ಫೋನ್ ಮಾಡಿ ಬೇಡ ಅಂದರು ಎಂದೂ ಒಮ್ಮೆ ಹೇಳಿದ್ದಳು.

"ನಿಜವಾಗ್ಲೂ ಕಣಮ್ಮ. ಅಪ್ಪ ಕೊಟ್ರು. ಬಾಯಿ ಮೂಸಿ ನೋಡು."

"ನಾಟಕ ಸಾಕು. ಆ ಅನ್ನು."

ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮನ ದನಿ ಎಂದಿನದ್ದಾಗಿರಲಿಲ್ಲ. ಬಾಯಿ ತೆರೆದು, ಮಾತ್ರೆ ನುಂಗಿ, ನೀರು ಕುಡಿದು ಮತ್ತೆ ತನ್ನ ಊರಿಗೆ ಹೋದಳು. ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತ ಬಂದ ಗಂಡ, ಒಡೆದ ಮಾತ್ರೆಯ ಖಾಲಿ ಪಟ್ಟಿ ನೋಡಿ, "ನೀನು ಬರೋದು ತಡ ಆಯ್ತು ಅಂತ ನಾನು ಆಗ್ಲೇ ಕೊಟ್ಟಿದ್ನಲ್ಲೇ" ಎಂದ. ಅವಳು ಲೋಟ ಅಲ್ಲೇ ಬಿಟ್ಟು ಮಗಳನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಟಳು.

ಪ್ರಾಣಾಪಾಯವೇನೂ ಇಲ್ಲ ಎಂದರು ಡಾಕ್ಟರು. ಆದರೆ ರಕ್ತದ ಕಣಗಳು ಕುಸಿಯಬಹುದು, ಒಳಗಿಟ್ಟುಕೊಂಡು ನೋಡಬೇಕು ಎಂದರು. ಕುಸಿದವು. ಜ್ವರವೂ ಬಂತು. ಪಿಟೀಲು ಮತ್ತೆ ಮಕ್ಕಳ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಗೆ ಬಂದಳು, ಕೈಗೆ ಮತ್ತೆ ಸೂಜಿ ಬಂತು. ಅವಳು ಕೇಳಿದ್ದು ಒಂದೇ: "ನನ್ನ ಊರು ಯಾರೂ ಮುಟ್ಟಿಲ್ಲ ತಾನೆ?"

ಜ್ವರ ಇಳಿದು, ಕಣಗಳು ಮೇಲೇರಿದ ಮೇಲೆ ಡಾಕ್ಟರು ಗಂಡಹೆಂಡತಿ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿತ್ತು.

"ಮಗು ಮನೆಗೆ ಹೋಗೋ ಸ್ಥಿತೀಲಿದೆ," ಎಂದರು. "ನೀವಿಬ್ಬರು ಅದನ್ನ ಕರ್ಕೊಂಡು ಹೋಗೋ ಸ್ಥಿತೀಲಿದೀರಾ ಅನ್ನೋದೇ ನನಗೆ ಗೊತ್ತಾಗ್ತಿಲ್ಲ. ತಪ್ಪು ತಿಳ್ಕೋಬೇಡಿ. ಇನ್ನೊಂದು ಸಲ ಹೀಗಾದ್ರೆ ನನಗೆ ಭಯ. ಈ ತಿಂಗಳ ಮಾತ್ರೆ ಪೂರಾ ಇಲ್ಲೇ ಕೊಡೋಣ ಅಂತ ಯೋಚನೆ."

"ಇಡೀ ತಿಂಗಳು?" ಎಂದ ಗಂಡ.

"ಇಲ್ಲಾಂದ್ರೆ ಒಂದು ಕೆಲಸ ಮಾಡಿ. ವಾರ ಮುಗಿಯೋವರೆಗೂ ವಾರ್ಡಲ್ಲೇ ಎಲ್ಲಾ ನೀವೇ ನೋಡ್ಕೊಳ್ಳಿ, ಮನೇಲಿ ಮಾಡೋ ಹಾಗೇ. ಮಾತ್ರೆ, ಸಿರಪ್ಪು, ಜ್ವರ ನೋಡೋದು, ಎಲ್ಲಾ. ದೊಡ್ಡ ಸಿಸ್ಟರ್ ಗಮನಿಸ್ತಾರೆ. ಸರಿ ಅನ್ನಿಸಿದ್ರೆ ಶನಿವಾರ ಮನೆಗೆ. ಅಷ್ಟರಲ್ಲಿ ದಯವಿಟ್ಟು ರೆಸ್ಟ್ ತಗೊಳ್ಳಿ."

ಮೇಡಂ ಎದ್ದು ನಿಂತಳು. ಊರವರನ್ನೆಲ್ಲ ಟೆಸ್ಟಿಗೆ ಕಳಿಸುತ್ತ ಬಂದವಳಿಗೆ ಈಗ ತಾನೇ ಟೆಸ್ಟಿಗೆ ಕೂರುವ ಪಾಳಿ. "ಶನಿವಾರ ನನ್ನ ಮಗಳು ಮನೇಲಿರ್ತಾಳೆ ಡಾಕ್ಟ್ರೇ," ಎಂದಳು. "ಬರೆದಿಟ್ಕೊಳ್ಳಿ."

ಹೇಳುವುದು ಸುಲಭ. ಆ ದಿನ ಅವಳು ಇನ್ನಷ್ಟು ಬಿಗಿಯಾಗಿ ಕೂತಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ, ಕಾಲು ನೆಲಕ್ಕೊತ್ತಿ. ಗಂಡ ಥರ್ಮಾಮೀಟರ್ ಹಿಡಿದರೆ "ಇನ್ನೂ ಸ್ವಲ್ಪ ಒಳಗೆ" ಎಂದಳು. ಅವನು ನೀರು ಕುಡಿಸಿದರೆ "ನಿಧಾನ" ಎಂದಳು. ಅವನು ಮಗಳಿಗೆ ಕಥೆ ಹೇಳಿದರೆ "ಜಾಸ್ತಿ ನಗಿಸಬೇಡಿ, ಕೆಮ್ಮು ಬರುತ್ತೆ" ಎಂದಳು. ಸಂಜೆ ಅವನು ಸಿರಪ್ಪನ್ನು ಸಣ್ಣ ಅಳತೆಯ ಮುಚ್ಚಳಕ್ಕೆ ಸುರಿಯುತ್ತಿದ್ದ. ಹಿಟ್ಟು, ಸಕ್ಕರೆ ತೂಗಿ ತೂಗಿ ಪಳಗಿದ ಕೈ, ಗೆರೆಗೆ ಸರಿಯಾಗಿ ನಿಲ್ಲಿಸಿದ್ದ.

"ಕೊಡಿ ಇಲ್ಲಿ, ನಾನು ನೋಡ್ತೀನಿ," ಎಂದು ಅವಳು ಕೈ ಹಾಕಿದಳು. ಅವನು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಸಿರಪ್ಪು ಹಾಸಿಗೆಯ ಮೇಲೆ, ಪಿಟೀಲಿನ ಅಂಗಿಯ ಮೇಲೆ, ಅಷ್ಟು ಹೊತ್ತಿಗೆ ಸರಿಯಾಗಿ ಬಂದ ದೊಡ್ಡ ಸಿಸ್ಟರ ಬಿಳಿ ಬೂಟಿನ ಮೇಲೆ ಚೆಲ್ಲಿತು.

ದೊಡ್ಡ ಸಿಸ್ಟರ್ ಬೂಟು ನೋಡಿದರು, ಇಬ್ಬರನ್ನೂ ನೋಡಿದರು. ಒರೆಸುವ ಬಟ್ಟೆ ತರಲು ಹೋದರು. "ಆಯ್ತು, ನಾವು ಫೇಲ್," ಎಂದಳು ಪಿಟೀಲು ಮುಚ್ಚಳದ ತಳ ನೆಕ್ಕುತ್ತ.

ಗಂಡ ಹೆಂಡತಿಯ ರಟ್ಟೆ ಹಿಡಿದು ಮೆಟ್ಟಿಲ ಕಡೆಗೆ ಕರೆದುಕೊಂಡು ಹೋದ. ಮದುವೆಯಾದಾಗಿನಿಂದ ಅವನು ದನಿ ಏರಿಸಿದ್ದನ್ನು ಅವಳು ಕೇಳಿರಲಿಲ್ಲ. ಅವತ್ತು ಕೇಳಿದಳು.

"ಟೆಸ್ಟಲ್ಲಿ ನಾನು ಯಾಕೆ ಫೇಲಾಗ್ತಿದ್ದೆ ಗೊತ್ತಾ ನಿನಗೆ?"

"ಈಗ ಅದ್ಯಾಕೆ?"

"ಹೇಳ್ತೀನಿ ಕೇಳು. ನೀನು ಬ್ರೇಕ್ ಮೇಲಿಂದ ಕಾಲು ತೆಗೀತಾನೇ ಇರ್ಲಿಲ್ಲ! ನಾನು ಒತ್ತೋ ಮುಂಚೆ ನೀನು ಒತ್ತಿಬಿಡ್ತಿದ್ದೆ. ಟೆಸ್ಟ್ ದಿನ ಪಕ್ಕದಲ್ಲಿ ನೀನು ಇಲ್ಲ, ನನ್ನ ಕಾಲಿಗೆ ಬ್ರೇಕ್ ಎಲ್ಲಿದೆ ಅಂತಾನೇ ಗೊತ್ತಿಲ್ಲ!"

"ನಿಮಗೆ ಬರಲ್ಲ ಅಂದ್ರೆ ಬರಲ್ಲ ಅನ್ನಿ. ನನ್ನ ಮೇಲೆ ಯಾಕೆ ಹಾಕ್ತೀರಿ?"

ಅವನು ಪರ್ಸಿನಿಂದ ಒಂದು ಕಾರ್ಡು ತೆಗೆದು ಅವಳ ಕೈಗಿಟ್ಟ. ಡ್ರೈವಿಂಗ್ ಲೈಸೆನ್ಸು. ಅವನದೇ ಫೋಟೊ. ಮಗಳು ಹುಟ್ಟುವುದಕ್ಕಿಂತ ಹಿಂದಿನದು.

"ಯಾವಾಗ ತಗೊಂಡ್ರಿ?" ಅವಳು ಕಾರ್ಡನ್ನು ತಿರುಗಿಸಿ ನೋಡಿದಳು.

"ಮದುವೆಯಾದ ಮೇಲೆ. ಮೊದಲನೇ ಸಲಕ್ಕೇ ಪಾಸು."

"ಕಲಿಸಿದ್ದು ಯಾರು?"

ಅವನು ಗೋಡೆ ನೋಡುತ್ತ ಹೇಳಿದ. "ಪಕ್ಕದ ಬೀದಿ ಸ್ಕೂಲಿನ ಮೀಸೆ ಮೇಷ್ಟ್ರು."

"ಹೋಗಿ ಹೋಗಿ ಆ ಮೀಸೆ ಹತ್ರ?" ಮೇಡಂ ಕೂಗಿದ್ದು ಕೆಳಗಿನ ಅಂತಸ್ತಿಗೂ ಕೇಳಿಸಿತು. "ಪಾಠ ಮಾಡ್ತಾ ಮಾಡ್ತಾ ಪೇಪರ್ ಓದ್ತಾನೆ ಅವನು!"

"ಓದಿದ. ಅದಕ್ಕೇ ನಾನು ಓಡಿಸಿದೆ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಕಾಶವೇ ತಲೆಯ ಮೇಲೆ ಬಿದ್ದ ವರ್ಷದಲ್ಲೂ ಅವಳಿಗೆ ಇಷ್ಟು ಅವಮಾನವಾಗಿರಲಿಲ್ಲ. ಇಷ್ಟು ವರ್ಷ ಮಳೆಯಲ್ಲಿ, ಬಿಸಿಲಲ್ಲಿ, ಗರ್ಭಿಣಿಯಾಗಿದ್ದಾಗ, ಎಲ್ಲ ಕಡೆಗೂ ತಾನೇ ಓಡಿಸಿದ್ದಳು. ಈ ಮನುಷ್ಯ ಪರ್ಸಿನಲ್ಲಿ ಲೈಸೆನ್ಸ್ ಇಟ್ಟುಕೊಂಡು ಪಕ್ಕದಲ್ಲಿ ಬನ್ನು ತಿನ್ನುತ್ತ ಕೂತಿದ್ದ. "ಹೇಳೋಕೇನಾಗಿತ್ತು ರೀ ನಿಮಗೆ?"

"ನಿನಗೆ ಬೇಜಾರಾಗುತ್ತೆ ಅಂತ."

ಅವಳಿಗೆ ಮೊದಲು ನಗು ಬಂತು. ತಡೆಯಲು ಹೋದರೆ ಮೂಗಿನಿಂದ ಬಂತು. ಅವನಿಗೂ ಬಂತು. ಮೆಟ್ಟಿಲು ಹತ್ತುತ್ತಿದ್ದವರು ಈ ಇಬ್ಬರನ್ನೂ ನೋಡಿ ಗೋಡೆಗೆ ಒತ್ತಿಕೊಂಡು ದಾಟಿಹೋದರು. ನಗು ನಿಂತ ಮೇಲೆ ಅಳು ಬಂತು, ಅದು ಅಷ್ಟು ಬೇಗ ನಿಲ್ಲಲಿಲ್ಲ.

"ಒಂದು ಮಾತು ಹೇಳ್ತೀನಿ. ನನ್ನ ಮುಖ ನೋಡಬೇಡಿ," ಎಂದಳು ಅವಳು. "ಒಂದಿನ ಸಿಗ್ನಲಲ್ಲಿ ನಿಂತಿದ್ದೆ. ಹೆಂಗಾದ್ರೂ ಸರಿ, ಇದೆಲ್ಲಾ ಒಂದು ಸಲ ಮುಗಿದುಹೋಗ್ಲಿ ಅನ್ನಿಸ್ತು. ಹೆಂಗಾದ್ರೂ ಅಂದ್ರೆ… ಹೆಂಗಾದ್ರೂ. ಅವತ್ತಿಂದ ಮಲಗೋಕೆ ಭಯ. ನಾನು ಮಲಗಿದಾಗ ಅವಳಿಗೆ ಏನಾದ್ರೂ ಆದ್ರೆ ನಾನೇ ಕೇಳ್ಕೊಂಡ ಹಾಗಲ್ವಾ?"

ಅವನು ಅವಳ ಮುಖ ನೋಡಲಿಲ್ಲ. ಪಕ್ಕದಲ್ಲಿ ಕೂತು ತನ್ನ ಬೆರಳ ಸಂದಿಯ ಒಣಗಿದ ಹಿಟ್ಟನ್ನು ಕೆರೆಯುತ್ತ, "ನನಗೂ ಅನ್ನಿಸಿದೆ," ಎಂದ. "ಒಲೆ ಮುಂದೆ ನಿಂತಿದ್ದಾಗ. ನಾವು ಕೆಟ್ಟೋರಲ್ಲ ಕಣೇ. ನಮಗೆ ನಿದ್ದೆ ಇಲ್ಲ, ಅಷ್ಟೇ."

ಆ ಮಾತು ಅವಳ ಎದೆಗೆ ನೇರ ಹೋಗಿ ನಾಟಿತು. ಇಷ್ಟು ದಿನ ಅವಳು ತನ್ನ ದಣಿವನ್ನು ಪ್ರೀತಿ ಎಂದು ತಿಳಿದಿದ್ದಳು, ನಿದ್ದೆಯನ್ನು ದ್ರೋಹ ಎಂದು ತಿಳಿದಿದ್ದಳು. ತಿಳಿದದ್ದಲ್ಲ, ಹೊಗಳಿ ಹೊಗಳಿ ತಿಳಿಸಿದ್ದರು. ಅವಳಿಗೆ ಸಿಟ್ಟು ಬಂತು. ಅಕ್ಕನ ಮೇಲೆ, ಎದುರುಮನೆಯವರ ಮೇಲೆ, ಒಂದು ಗಂಟೆಯೂ ಬಂದು ಕೂರದೆ ದೂರದಿಂದಲೇ ಮಹಾತಾಯಿ ಪಟ್ಟ ಕಟ್ಟಿದವರೆಲ್ಲರ ಮೇಲೆ. ಬಹಳ ದಿನದ ಮೇಲೆ ಬಂದ ಒಳ್ಳೆಯ, ಬಿಸಿಯಾದ ಸಿಟ್ಟು. ಮೂಗು ಒರೆಸಿಕೊಂಡು ಎದ್ದಳು.

"ನಾಳೆ ಬೇಕರಿಗೆ ರಜ ಹಾಕಿ," ಎಂದಳು. "ನಾಳೆ ನೀವು ಓಡಿಸ್ತೀರಿ."

ಮರುದಿನ ಮಧ್ಯಾಹ್ನ ಮಕ್ಕಳ ವಾರ್ಡಿನಲ್ಲಿ ನಡೆದದ್ದನ್ನು ಅಲ್ಲಿದ್ದವರು ಬಹಳ ದಿನ ಮಾತಾಡಿಕೊಂಡರು. ಬ್ರೇಕ್ ಮೇಡಂ ಮಗಳ ಹಾಸಿಗೆಯ ಪಕ್ಕದ ನೆಲದ ಮೇಲೆ ಚಾಪೆ ಬಿಚ್ಚಿದಳು. ತಲೆದಿಂಬು ಹಾಕಿದಳು. ಚಪ್ಪಲಿ ಕಳಚಿ ಜೋಡಿಸಿಟ್ಟಳು. ಆಮೇಲೆ ಕಲಿಯುವವರಿಗೆ ಸೂಚನೆ ಕೊಡುವ ಅದೇ ದನಿಯಲ್ಲಿ, ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು:

"ನಾನೀಗ ಮಲಗ್ತೀನಿ. ಮಗು ಅಪ್ಪನ ಡ್ಯೂಟೀಲಿದೆ. ಯಾರೂ ನನ್ನ ಎಬ್ಬಿಸಬೇಡಿ."

ಪಕ್ಕದ ಹಾಸಿಗೆಯ ಹುಡುಗನ ತಾಯಿ, ಕೇಳಬಾರದ್ದೇನೋ ಕೇಳಿದವಳ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡ ಸಿಸ್ಟರ್ ದಡದಡನೆ ಬಂದರು.

"ಏನಮ್ಮಾ ಇದು? ಹಗಲು ಹೊತ್ತಲ್ಲಿ ಇಲ್ಲಿ ಮಲಗೋ ಹಾಗಿಲ್ಲ. ಇನ್ನೇನು ರೌಂಡ್ಸ್ ಬರ್ತಾರೆ."

"ಬರಲಿ ಸಿಸ್ಟರ್. ರೆಸ್ಟ್ ತಗೊಳ್ಳಿ ಅಂದೋರು ಅವರೇ. ದೊಡ್ಡವರ ಮಾತು ಮೀರಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದಾಳೆ."

"ನಾನು ಸುಮ್ಮನಿದ್ರೆ ನನ್ನ ಕೇಳ್ತಾರಮ್ಮಾ."

"ನನ್ನ ಕಡೆ ಕೈ ತೋರಿಸಿಬಿಡಿ. ಮಗಳು ಮಲಗಿರೋ ಕಡೆ ನಾನು ಮಲಗಬಾರದು ಅನ್ನೋದಾದ್ರೆ, ಎಲ್ಲಿ ಮಲಗಬೇಕು ಅಂತ ಒಂದು ಜಾಗ ತೋರಿಸಿ. ಈಗಲೇ ಚಾಪೆ ಸುತ್ಕೊಂಡು ಹೋಗ್ತೀನಿ."

ದೊಡ್ಡ ಸಿಸ್ಟರ್ ಒಂದು ಗಳಿಗೆ ವಾರ್ಡನ್ನೆಲ್ಲ ನೋಡಿದರು. ಹಾಸಿಗೆಗೊಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಗೊಬ್ಬ ಬೆನ್ನು ಬಾಗಿದ ತಾಯಿಯೋ ತಂದೆಯೋ. ತೋರಿಸಲು ಜಾಗವಿರಲಿಲ್ಲ. ಚಾಪೆಯ ತುದಿಯನ್ನು ಬೂಟಿನಿಂದ ಸ್ವಲ್ಪ ಒಳಕ್ಕೆ ತಳ್ಳಿ, "ಓಡಾಡೋರಿಗೆ ಎಡವೋ ಹಾಗಿರಬಾರದು ನೋಡಿ" ಎಂದು ಹೊರಟುಹೋದರು.

ಮೇಡಂ ಮಲಗಿದಳು. ಮೊದಮೊದಲು ಕಿವಿ ಮಲಗಲಿಲ್ಲ. ಥರ್ಮಾಮೀಟರಿನ ಪೀಂ ಸದ್ದು ಕೇಳಿಸಿತು. ಎಷ್ಟು ಎಂದು ಕೇಳಲು ಬಾಯಿ ತೆರೆದಳು, ಮುಚ್ಚಿದಳು. ಮುಚ್ಚಳದ ತಿರುಪು ಬಿಚ್ಚಿದ ಸದ್ದು. ಕಾಲು ತಾನಾಗಿಯೇ ನೆಲವನ್ನು ಒತ್ತಿತು. ಅವಳು ಮಗ್ಗುಲಾಗಿ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡಳು, ಒತ್ತಲು ಏನೂ ಸಿಗದ ಹಾಗೆ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆ ಫಿನಾಯಿಲ್ ವಾಸನೆಯ ನೆಲದ ಮೇಲೆ, ಟ್ರಾಲಿಗಳು ತಲೆಯ ಪಕ್ಕದಲ್ಲೇ ಉರುಳುತ್ತಿರುವಾಗ, ಅವಳಿಗೆ ನಿದ್ದೆ ಬಂತು.

ಆಮೇಲಿನದ್ದು ಅವಳು ನೋಡಿದ್ದಲ್ಲ. ಪಿಟೀಲು ಹೇಳಿದ್ದು, ಗಂಡ ತಿದ್ದಿದ್ದು.

ಅಕ್ಕ ಬಂದಳಂತೆ. ಹಣ್ಣಿನ ಚೀಲ ಹಿಡಿದು ಬಾಗಿಲಲ್ಲೇ ನಿಂತು, ನೆಲದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ತಂಗಿಯನ್ನು ನೋಡಿ ಕೆನ್ನೆಗೆ ಕೈ ಹಚ್ಚಿದಳಂತೆ. "ಮಗು ಹಿಂಗಿರುವಾಗ ಇವಳಿಗೆ ನಿದ್ದೆ ಆದ್ರೂ ಹೆಂಗೆ ಬರುತ್ತೆ?" ಎಂದಳು. ತಂಗಿಯ ಗಂಡನ ಕಡೆ ತಿರುಗಿ, "ತೂಕಡಿಸೋರಿಗೆ ಹಾಸಿಗೆ ಹಾಸಿಕೊಟ್ಟ ಹಾಗಾಯ್ತು. ನೀವಾದ್ರೂ ಎಬ್ಬಿಸಬಾರದಾ? ನೋಡಿದೋರು ಏನಂದ್ಕೋತಾರೆ!" ಎಂದು ತಂಗಿಯ ಭುಜಕ್ಕೆ ಕೈ ಹಾಕಲು ಬಗ್ಗಿದಳು.

ಆಗ ಪಿಟೀಲು ಹಾಸಿಗೆಯ ಮೇಲೆ ಎದ್ದು ನಿಂತಳು. ಸೂಜಿ ಚುಚ್ಚಿದ ಕೈಯನ್ನು ಟ್ರಾಫಿಕ್ ಪೊಲೀಸಿನ ಹಾಗೆ ಮುಂದೆ ಚಾಚಿ, "ದೊಡ್ಡಮ್ಮ, ಮುಟ್ಟಬೇಡ!" ಎಂದು ಪಿಟೀಲಿನ ಅತಿ ಮೇಲಿನ ತಂತಿಯಲ್ಲಿ ಕೂಗಿದಳು. "ಅಮ್ಮ ಕೆಲಸ ಮಾಡ್ತಿದಾಳೆ. ಅವಳು ನಿದ್ದೆ ಮಾಡಿದ್ರೇನೇ ನಾನು ಮನೆಗೆ ಹೋಗೋದು. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಇಷ್ಟು ಗದ್ದಲದಲ್ಲೂ ಮೇಡಂ ಏಳಲಿಲ್ಲ.

ರೌಂಡ್ಸಿಗೆ ಬಂದ ಡಾಕ್ಟರು ಚಾಪೆ ತುಳಿಯದ ಹಾಗೆ ಸುತ್ತು ಹಾಕಿ ಬಂದು ನಿಂತರು. ಗಂಡ ಎದ್ದು ನಿಂತು ಒಂದೊಂದಾಗಿ ಹೇಳಿದ. ಜ್ವರ ಇಲ್ಲ. ಸಿರಪ್ಪು ಆಯಿತು. ಊಟಕ್ಕೆ ಬ್ರೆಡ್ಡು, ಸೂಪು, ಅರ್ಧ ಬಿಟ್ಟಳು. ಮಾತ್ರೆ ಸಂಜೆಗೆ, ಕೊಡುವವನು ನಾನೊಬ್ಬನೇ, ಅವಳು ಕೈ ಹಾಕುವುದಿಲ್ಲ. ಅವಳ ಸರದಿಯಲ್ಲಿ ನಾನು ಮಲಗುತ್ತೇನೆ, ನಾನು ಕೈ ಹಾಕುವುದಿಲ್ಲ. ಡಾಕ್ಟರು ತಲೆಯಾಡಿಸಿ ದೊಡ್ಡ ಸಿಸ್ಟರ ಕಡೆ ನೋಡಿದರು. ದೊಡ್ಡ ಸಿಸ್ಟರ್ ತಮ್ಮ ಬೂಟುಗಳನ್ನು ತೋರಿಸಿ, "ಇವತ್ತು ಒಂದು ಹನಿಯೂ ಬಿದ್ದಿಲ್ಲ ಸರ್" ಎಂದರು.

"ಇವರು ಯಾವಾಗಿಂದ ಮಲಗಿದಾರೆ?"

"ರೆಸ್ಟ್ ತಗೊಳ್ಳಿ ಅಂತ ನೀವು ಹೇಳಿದ್ರಂತೆ ಸರ್. ತಗೋತಿದಾರೆ."

ಡಾಕ್ಟರು ಚಾಪೆಯ ಮೇಲಿನ ಹೆಂಗಸನ್ನು ಇನ್ನೊಮ್ಮೆ ನೋಡಿದರು. ಅವರ ಮುಖದಲ್ಲಿದ್ದದ್ದು ಹೊಟ್ಟೆಕಿಚ್ಚು ಎಂದು ಗಂಡ ಇವತ್ತಿಗೂ ಆಣೆ ಇಟ್ಟು ಹೇಳುತ್ತಾನೆ.

ಬ್ರೇಕ್ ಮೇಡಂ ಕಣ್ಣು ಬಿಟ್ಟಾಗ ಕಿಟಕಿಯ ಬೆಳಕು ಹಳದಿಯಾಗಿತ್ತು. ತಾನು ಎಲ್ಲಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ದಡಕ್ಕನೆ ಎದ್ದು ಕೂತಳು. ಮಗಳು ಹಾಸಿಗೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಅಮ್ಮ ಮಲಗಿದ್ದಳು, ಲೋಕ ನಡೆದಿತ್ತು, ಮಗಳಿಗೆ ಏನೂ ಆಗಿರಲಿಲ್ಲ. ಮೇಡಂ ಇದನ್ನು ನಂಬಲು ಮ‌ಗಳ ಪಾದವನ್ನು ಹಿಡಿದುಕೊಂಡು ಕೂತಳು.

ಪಕ್ಕದ ಹಾಸಿಗೆಯ ಕೆಳಗೆ ಏನೋ ಅಲುಗಿತು. ಹುಡುಗನ ತಾಯಿ ಅಲ್ಲಿ ಒಂದು ದುಪ್ಪಟಿ ಹಾಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕುರ್ಚಿಯಲ್ಲಿ ಅವಳ ಗಂಡ ದಿಕ್ಕುತೋಚದವನಂತೆ ಸಿರಪ್ಪಿನ ಶೀಶೆ ಹಿಡಿದು ಕೂತಿದ್ದ. "ಗೆರೆ ನೋಡಿ ಹಾಕಿ. ಬರುತ್ತೆ ನಿಮಗೆ," ಎಂದಳು ಮೇಡಂ. ಕೈ ಮಾತ್ರ ಹಾಕಲಿಲ್ಲ.

ಶನಿವಾರ ಸ್ಕೂಲಿನ ಯಜಮಾನರು ಕಾರು ಕಳಿಸಿಕೊಟ್ಟಿದ್ದರು. ಬಂಪರು ಇನ್ನೂ ಸೊಟ್ಟಗಿತ್ತು, ಮೇಲೆ ಸ್ಕೂಲಿನ ಬೋರ್ಡು ನೆಟ್ಟಗಿತ್ತು. ಅವಳು ಅಭ್ಯಾಸ ಬಲದಿಂದ ಡ್ರೈವರ್ ಬಾಗಿಲಿಗೆ ಹೋಗಿ, ಹಿಡಿಕೆಗೆ ಕೈ ಹಾಕಿ, ನಿಂತಳು. ಕೀಲಿಯನ್ನು ಗಂಡನ ಕೈಗೆ ಹಾಕಿದಳು.

"ಮೀಸೆ ಮೇಷ್ಟ್ರು ಏನು ಕಲಿಸಿದಾನೋ ನೋಡೋಣ."

ಅವನು ಸೀಟು ಮುಂದೆ ಎಳೆದ, ಹಿಂದೆ ತಳ್ಳಿದ, ಕನ್ನಡಿ ಸರಿಮಾಡಿದ. ಪಿಟೀಲು ಹಿಂದಿನ ಸೀಟಿನಲ್ಲಿ ಔಷಧಿ ಚೀಲ ತಬ್ಬಿಕೊಂಡು ಕೂತಳು. ಕಾರು ಒಮ್ಮೆ ಕೆಮ್ಮಿ, ಆಸ್ಪತ್ರೆಯ ಗೇಟು ದಾಟಿತು. ಮೊದಲ ತಿರುವಿನಲ್ಲಿ ಅವನು ತಡವಾಗಿ ತಿರುಗಿಸಿದ. ಅವಳ ಬಲಗಾಲು ಬ್ರೇಕನ್ನು ಹುಡುಕಿಕೊಂಡು ಹೋಯಿತು, ಹೋಗಿ ಅದರ ಮೇಲೆ ಕೂತಿತು. ಸರ್ಕಲ್ ಎದುರಿಗೆ ಬಂತು. ಪಂಕ್ಚರ್ ಅಂಗಡಿಯವನು ಬೋರ್ಡು ಗುರುತಿಸಿ ಇವತ್ತೇನು ನಡೆಯುತ್ತದೋ ಎಂದು ಹೊರಗೆ ಬಂದ. ಸರ್ಕಲ್ಲಿನ ಬಾಯಲ್ಲೇ ಕಾರು ಗಕ್ಕನೆ ಆಫ್ ಆಯಿತು. ಹಿಂದಿನಿಂದ ಹಾರನ್ನುಗಳು ಒಟ್ಟಿಗೆ ಅರಚಿದವು. ಗಂಡನ ಹಣೆಯಲ್ಲಿ ಬೆವರು ಮೂಡಿತು. ಅವನು ಅವಳ ಕಡೆ ನೋಡಿದ.

ಅವಳು ಅವನ ಕಡೆ ನೋಡಲಿಲ್ಲ. ಬಗ್ಗಿ ಚಪ್ಪಲಿ ಕಳಚಿದಳು. ಎರಡೂ ಕಾಲನ್ನು ಎತ್ತಿ, ಮಡಚಿ, ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಸೀಟನ್ನು ಹಿಂದಕ್ಕೆ ಒರಗಿಸಿದಳು.

ಪಿಟೀಲು ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಹಿಂದಿದ್ದ ಅಷ್ಟೂ ಗಾಡಿಗಳಿಗೆ ಕೇಳುವಂತೆ ಕೂಗಿದಳು: "ಯಾಕೆ ಬಡ್ಕೋತೀರಾ? ನಮ್ಮಪ್ಪ ಓಡಿಸ್ತಿದಾರೆ, ನಮ್ಮಮ್ಮ ಮಲಗಿದಾಳೆ! ಕಾಯ್ರಿ!"

ಕಾರು ಮತ್ತೆ ಶುರುವಾಯಿತು. ಸರ್ಕಲ್ ಸುತ್ತಿ ಎಲ್ಲಿ ಹೊರಗೆ ಹೋಗಬೇಕೆಂದು ಯಾರೂ ಅವನಿಗೆ ಹೇಳಲಿಲ್ಲ. ಅಷ್ಟರಲ್ಲಿ ಮೇಡಂಗೆ ನಿದ್ದೆ ಬಂದಿತ್ತು.